ಲೆಕ್ಕಶೀರ್ಷಿಕೆ

ದುರ್ಗದ ಜೈಲಿನ ಆಡಳಿತ ಕೋಣೆಯಲ್ಲಿ
ನನ್ನ ಮೇಜಿನ ಎಡಕ್ಕೊಂದು ಕಿಟಕಿ.
ಆಚೆ ಗುಡ್ಡದ ಮೇಲೆ ಗಾಳಿಗಂಬಗಳು
ಯಾರಿಗೂ ಲೆಕ್ಕ ಒಪ್ಪಿಸದೆ ತಿರುಗುತ್ತವೆ.
ನಾನು ಒಪ್ಪಿಸಬೇಕು.
ತಿಂಗಳ ಕೊನೆಗೆ ಬೇಳೆ, ಸೋಪು, ಫಿನಾಯಿಲು,
ಆಮೇಲೆ ದೇವರು:
ನೈತಿಕ ಬೋಧಕರ ಗೌರವಧನ, ಮೂರು ಜನ,
ಭೇಟಿಯೊಂದಕ್ಕೆ ಇಂತಿಷ್ಟು,
ಗೈರಾದರೆ ಕಡಿತ.

ಸೋಮವಾರ ಗುರುಶಾಂತಯ್ಯನವರು, ಕಂಕುಳಲ್ಲಿ ಕೊಡೆ.
ಗುರುವಾರ ಖಲೀಲ್ ಸಾಹೇಬರು, ಮಂಡಿನೋವು,
ಕುರ್ಚಿ ಕೇಳಲು ಸಂಕೋಚ.
ಭಾನುವಾರ ಜೀವರತ್ನಂ ಮೇಷ್ಟ್ರು;
ಅವರಿಗೆ ಕೇಳುಗರು ಇಬ್ಬರೇ, ಒಬ್ಬನಿಗೆ ಕಿವಿ ಮಂದ.
ಮೂವರೂ ಹೆಬ್ಬೆಟ್ಟು ಒತ್ತುವುದು ಅದೇ ಗಾಜಿನ ಮೇಲೆ.
ಅಯ್ಯನವರ ಬೆರಳಿಗೆ ವಿಭೂತಿ ಹತ್ತಿದ್ದರೆ
ಯಂತ್ರ ಒಪ್ಪುವುದಿಲ್ಲ.
“ಒರೆಸಿಕೊಂಡು ಒತ್ರಿ ಅಯ್ಯನೋರೆ” ಅನ್ನುತ್ತೇನೆ.
ಒರೆಸಿಕೊಳ್ಳುತ್ತಾರೆ.
ಸರ್ಕಾರ ಅವರಿಂದ ಕೇಳಿದ್ದು ಇಷ್ಟೇ ಅಂತ
ನನಗೆ ನಾನೇ ಹೇಳಿಕೊಂಡಿದ್ದೇನೆ.

ಪಾಲಯ್ಯ ಬಂದದ್ದು ಆಷಾಢದಲ್ಲಿ,
ಮೊಳಕಾಲ್ಮೂರು ಕಡೆಯವನು. ಕೇಸು ಏನೋ, ನಾನು ಓದಲಿಲ್ಲ.
ಧರ್ಮದ ಕಾಲಂ ಯಾರೋ ತುಂಬಿದ್ದರು,
ಹಾಗಾಗಿ ಅವನಿಗೆ ಸೋಮವಾರ.
ನಾಲ್ಕು ಸೋಮವಾರ ಸುಮ್ಮನೆ ಕೂತ.
ಐದನೆಯದಕ್ಕೆ ಅರ್ಜಿ ಕಂಡಿಯ ಹತ್ತಿರ ಬಂದ.
“ಅಕ್ಕಾರೆ, ಅಯ್ಯನೋರು ಒಳ್ಳೇರು. ಆದ್ರೆ
ಅವ್ರ ದೇವ್ರಿಗೆ ನನ್ನ ಗುರ್ತಿಲ್ಲ.
ನಮ್ದು ಎತ್ತಿನ ದೇವ್ರು. ಗೂಡಿನಾಗೆ ಇರ್ತಾವೆ,
ಅವನ್ನ ಉಳಾಕೆ ಕಟ್ಟಂಗಿಲ್ಲ, ಮಾರಂಗಿಲ್ಲ.
ಕಾಯಾನು ಕಿಲಾರಿ. ಅವನ್ನ ಒಂದ್ಸಲ ಕರೆಸ್ರಿ.
ಮಾತಾಡಾದು ಬ್ಯಾಡ. ಬಂದು ನಿಂತ್ರೆ ಸಾಕು,
ಮೈಯಿಂದ ವಾಸ್ನೆ ಬರ್ತೈತೆ.”

ಕಡತ ಬರೆದೆ. ಇಪ್ಪತ್ತು ದಿನಕ್ಕೆ ಷರಾ ಬಂತು:
ಕಿಲಾರಿ ಯಾವ ಧರ್ಮದ ಬೋಧಕ?
ವಿದ್ಯಾರ್ಹತೆ?
ವೆಚ್ಚ ಯಾವ ಲೆಕ್ಕಶೀರ್ಷಿಕೆಯಡಿ?

ಪಕ್ಕದ ಮೇಜಿನ ಹನುಮಂತರೆಡ್ಡಿ ನಕ್ಕ.
“ಸರ್ಕಾರಕ್ಕ್ಯಾಕ್ರೀ ಮೇಡಂ ದೇವ್ರ ಉಸಾಬರಿ?
ಮೂರನ್ನೂ ನಿಲ್ಲಿಸಿಬಿಡಿ,
ನಾಲ್ಕನೆಯವನಿಗೆ ನ್ಯಾಯ ಸಿಕ್ಕಂಗೆ.”
ಸರಿಯೇ ಅನ್ನಿಸಿತು, ಊಟದ ಡಬ್ಬಿ ತೊಳೆಯುವ ತನಕ.
ಆಮೇಲೆ ಅನ್ನಿಸಿದ್ದು:
ಬೀಗ ಹಾಕಿದವರು ನಾವಲ್ಲವೆ?
ಹೊರಗಿದ್ದಿದ್ದರೆ ನಡಕೊಂಡೇ ಹೋಗುತ್ತಿದ್ದ,
ಸರ್ಕಾರದ ಒಂದು ಕಾಸೂ ಇಲ್ಲದೆ.
ದಾರಿ ಮುಚ್ಚಿದವರು ದಾರಿಖರ್ಚು ಕೊಡಬೇಡವೆ?
ಕೊಟ್ಟರೆ,
ಯಾವ ದಾರಿ ಎಂದು ಹೇಳುವ ಹಕ್ಕೂ
ಖರ್ಚಿನ ಬೆನ್ನು ಹತ್ತಿ ಬಂದುಬಿಡುತ್ತದಲ್ಲ,
ಒಂದು ಕಾಲಂ ಎಳೆದುಕೊಂಡು, ಗಾಜು ಹಿಡಿದುಕೊಂಡು.
ಎರಡೂ ಕಡೆಯಿಂದ ಕೂಡಿ ನೋಡಿದೆ.
ತಾಳೆಯಾಗಲಿಲ್ಲ.

ಮುಂದಿನ ಸೋಮವಾರ ಅಯ್ಯನವರು ಬರಲಿಲ್ಲ.
ಗೈರು ಎಂದು ಬರೆದೆ.
ಅದರಾಚೆಯ ಸೋಮವಾರ ಬಂದರು,
ಕರವಸ್ತ್ರದ ಮೂಲೆಯಲ್ಲಿ ಗಂಟು.
ಬಸ್ಸು, ಆಮೇಲೆ ಯಾರದೋ ಟ್ರ್ಯಾಕ್ಟರು,
ಗೂಡಿನ ಬೇಲಿಯ ಹೊರಗೇ ಚಪ್ಪಲಿ ಬಿಟ್ಟು
ನಿಂತರಂತೆ; ಒಳಗೆ ಕರೆಯಲಿಲ್ಲ,
ಇವರೂ ಕೇಳಲಿಲ್ಲ.
ಕಿಲಾರಿ ಒಂದು ಹಿಡಿ ಗೊರಸಿನ ಮಣ್ಣು ಕೊಟ್ಟನಂತೆ.
“ನಂಗಿದು ದೇವರಲ್ಲ ತಾಯಿ,” ಅಂದರು,
“ಅದಕ್ಕೇ ಜೋಪಾನ ಮಾಡಿಕೊಂಡು ತಂದೆ.”

ಗೇಟಿನ ವಾರ್ಡರ್ ಪಟ್ಟಿ ನೋಡಿದ.
ತಿಂಡಿಯಲ್ಲ, ಬಟ್ಟೆಯಲ್ಲ, ಪುಸ್ತಕವಲ್ಲ.
ಮೊಬೈಲು, ಎಲೆಯಡಿಕೆ ಚೀಲಗಳ ಜೊತೆ
ಹದಿನೇಳನೆಯ ಟ್ರೇಯಲ್ಲಿ ಇಟ್ಟ.
ಇನ್ನೂ ಅಲ್ಲೇ ಇದೆ.

ಬುಧವಾರ ಪಾಲಯ್ಯನನ್ನು ಕೋರ್ಟಿಗೆ ಕರೆದೊಯ್ದರು.
ಬೆಂಗಾವಲಿನವನ ಪೆನ್ನು ಬರೆಯಲಿಲ್ಲ,
ಇನ್ನೊಂದು ಹುಡುಕುವಷ್ಟು ಹೊತ್ತು
ಪಾಲಯ್ಯ ಆ ಟ್ರೇಗಳ ಪಕ್ಕ ನಿಂತಿದ್ದ.
ಯಾರಾದರೂ ಅವನಿಗೆ ಹೇಳಿದ್ದರೋ ಇಲ್ಲವೋ.
ನಾನು ಹೇಳಿರಲಿಲ್ಲ.

ಬಿಲ್ಲು ಇವತ್ತು ಖಜಾನೆಗೆ ಹೋಯಿತು.
ಖಲೀಲ್ ಸಾಹೇಬರಿಗೆ ನಾಲ್ಕು ಭೇಟಿ, ಮೇಷ್ಟ್ರಿಗೆ ನಾಲ್ಕು,
ಗುರುಶಾಂತಯ್ಯನವರಿಗೆ ಮೂರು.